ಬೆಂಕಿಯ ಹಾಗೆ ಎಂದು ಬರೆಯಬೇಡ

ಹಫ್ರ್ ಅಲ್ ಬಾತಿನ್
14 ಜೂನ್ 2012

ಉಪ್ಪನಿಗೆ ನಸೀಬಾಳ ಸಲಾಂ.

ನಾನು ಈ ಮರಳುಗಾಡಿನ ಊರಿಗೆ ಬಂದು ಐದು ವಾರವಾಯಿತು. ಉಮ್ಮನ ಹತ್ತಿರ ಫೋನಿನಲ್ಲಿ ಮಾತನಾಡುತ್ತಿದ್ದೇನೆ. ಜ್ವರದಲ್ಲಿ ನಿಮ್ಮ ಕಿವಿ ಹೋದ ಮೇಲೆ ನಿಮ್ಮೊಂದಿಗೆ ಮಾತನಾಡಬೇಕಾದರೆ ಪಕ್ಕದಲ್ಲಿ ಕೂತು ಕೂಗಬೇಕು, ಇಲ್ಲವೇ ಬರೆಯಬೇಕು. ಪಕ್ಕದಲ್ಲಿ ಕೂರುವಂತಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

"ಉಪ್ಪ ಎಂತ ಮಾಡ್ತಾರೆ?" ಎಂದು ಪ್ರತಿ ಸಲವೂ ಉಮ್ಮನನ್ನು ಕೇಳುತ್ತೇನೆ. "ಜಗಲಿಯಲ್ಲಿ ಕೂತಿದ್ದಾರೆ" ಎನ್ನುತ್ತಾರೆ. ನಾನು ಹೊರಟ ದಿನವೂ ನೀವು ಜಗಲಿಯಲ್ಲೇ ಇದ್ದಿರಿ, ಬಜಪೆ ವಿಮಾನ ನಿಲ್ದಾಣಕ್ಕೆ ಬರಲಿಲ್ಲ. ಬಂಟ್ವಾಳದ ಸಂಬಂಧ ಬೇಡವೆಂದು ನಾನು ನರ್ಸ್ ಕೆಲಸಕ್ಕೆ ಹೊರಟದ್ದು ನಿಮಗೆ ಸಿಟ್ಟು ತಂದಿರಬೇಕು. ಆ ವಿಷಯ ಈ ಕಾಗದದಲ್ಲಿ ಬೇಡ.

ನಮ್ಮದು ಎರಡು ಮಹಡಿಯ ಸಣ್ಣ ಕ್ಲಿನಿಕ್. ನನ್ನ ಜೊತೆ ಹೈದರಾಬಾದಿನ ಫಖ್ರುನ್ನಿಸಾ ಆಪಾ ಇದ್ದಾರೆ, ಹದಿನಾಲ್ಕು ವರ್ಷದಿಂದ ಇಲ್ಲಿಯ ನರ್ಸ್. ಹಾಸ್ಟೆಲಿನಿಂದ ಕ್ಲಿನಿಕ್ಕಿಗೆ ನಡೆದರೆ ನಾಲ್ಕೇ ನಿಮಿಷ. ಆದರೆ ಆ ನಾಲ್ಕು ನಿಮಿಷ ಹೇಗಿರುತ್ತದೆಂದು ಹೇಳಲಿ? ಬೆಂಕಿಯ ಹಾಗೆ ಬಿಸಿಲು. ಗಾಳಿ ಬೀಸಿದರೆ ಅದೂ ಬೆಂಕಿಯ ಹಾಗೆ. ನೆಲ ಬೆಂಕಿ, ಬಾಗಿಲಿನ ಹಿಡಿ ಬೆಂಕಿ. ನಿಮಗಲ್ಲದೆ ಇದು ಬೇರೆ ಯಾರಿಗೆ ಅರ್ಥವಾದೀತು!

ಪಕ್ಕದ ಸೂಪರ್ ಮಾರ್ಕೆಟಿನ ಮೀನು ವಿಭಾಗದಲ್ಲಿ ಕೆಲಸ ಮಾಡುವ ಫಾರೂಕ್ ರಜೆಯಲ್ಲಿ ಊರಿಗೆ ಹೊರಟಿದ್ದಾನೆ. ನಮ್ಮ ಅಡ್ಯಾರಿನ ಹತ್ತಿರದವನೇ. "ಈ ಕಾಲದಲ್ಲಿ ಕಾಗದ ಯಾರು ಬರೀತಾರೆ ಮಾರಾಯ್ತಿ!" ಎಂದು ನಗಾಡುತ್ತಲೇ ತೆಗೆದುಕೊಂಡ. ಅವನು ಜುಲೈಯಲ್ಲಿ ವಾಪಸು ಬರುತ್ತಾನೆ. ಬರೆಯಬೇಕೆನಿಸಿದರೆ ಅವನ ಕೈಯಲ್ಲಿ ಕೊಡಿ.

ನಿಮ್ಮ ಮಗಳು
ನಸೀಬಾ


ಅಡ್ಯಾರ್
6 ಜುಲೈ 2012

ನಸೀಬಾ,

ನಿನ್ನ ಕಾಗದ ಸಿಕ್ಕಿತು. ಇಲ್ಲಿ ಎಲ್ಲರೂ ಸೌಖ್ಯ. ಉಮ್ಮನ ಮೊಣಕಾಲು ಮೊದಲಿನ ಹಾಗೆಯೇ ಇದೆ.

ಒಂದೇ ಪುಟದಲ್ಲಿ ನಾಲ್ಕು ಕಡೆ ಬೆಂಕಿ ಎಂದು ಬರೆದಿದ್ದೀ. ಮೂವತ್ತೊಂದು ವರ್ಷ ಹಂಚಿನ ಕಾರ್ಖಾನೆಯ ಭಟ್ಟಿಗೆ ಬೆಂಕಿ ಕೊಟ್ಟವನು ನಾನು. ನನಗೆ ಹಾಗೆ ಬರೆದರೆ ಎಂತ ತಿಳಿಯುವುದು? ಬೆಂಕಿ ಒಂದು ಬದಿಯಿಂದ ಬರುತ್ತದೆ. ಎದೆ ಸುಡುವಾಗಲೂ ಬೆನ್ನು ತಣ್ಣಗಿರುತ್ತದೆ. ತಡೆಯದಿದ್ದರೆ ಎರಡು ಹೆಜ್ಜೆ ಹಿಂದೆ ಸರಿಯಬಹುದು. ಸೌದೆ ಹಾಕದಿದ್ದರೆ ಅದು ಸಾಯುತ್ತದೆ. ನಿನ್ನ ಬಿಸಿಲು ಹಾಗಿದೆಯಾ?

ಭಟ್ಟಿಯ ಮೇಲಿನ ತೂತಿನಲ್ಲಿ ಬಗ್ಗಿ ನೋಡಿದರೆ ಮೊದಲು ಪುನರ್ಪುಳಿ ಹಣ್ಣಿನ ಕೆಂಪು. ಮರುದಿನ ಕಿತ್ತಳೆ. ಹಂಚು ಬೆಂದಾಗ ಹೊಸ ಹಿತ್ತಾಳೆಯ ಬಣ್ಣ ಬರುತ್ತದೆ. ಆ ಬಣ್ಣ ಬಂತೆಂದು ಹೇಳುವುದೇ ನನ್ನ ಕೆಲಸವಾಗಿತ್ತು. ಅರ್ಧ ಗಂಟೆ ಮೊದಲು ಹೇಳಿದರೆ ಹಂಚು ಹಸಿ, ಅರ್ಧ ಗಂಟೆ ತಡವಾದರೆ ಸೊಟ್ಟ. ಧಣಿಗಳು ಕೂಡ ನನ್ನ ಬಾಯಿ ನೋಡುತ್ತ ನಿಲ್ಲುತ್ತಿದ್ದರು.

ನೀನು ನೋಡಿ ಬರೆ. ಅಲ್ಲಿಯ ಸೂರ್ಯನ ಬಣ್ಣ ಎಂತದ್ದು? ಬಿಸಿ ಮೊದಲು ಮೈಯ ಯಾವ ಭಾಗಕ್ಕೆ ತಾಗುತ್ತದೆ? ಬೆಂಕಿಯ ಹಾಗೆ ಎಂದು ಬರೆಯಬೇಡ.

ಮೊಯಿದಿನಬ್ಬ


ಹಫ್ರ್ ಅಲ್ ಬಾತಿನ್
22 ಜುಲೈ 2012

ಉಪ್ಪಾ,

ನಿಮ್ಮ ಕಾಗದ ಓದಿ ನಗುವೂ ಬಂತು, ಸಿಟ್ಟೂ ಬಂತು. ಮಗಳು ಉಂಡಳೋ ಮಲಗಿದಳೋ ಎಂದು ಒಂದು ಮಾತಿಲ್ಲ, ಪರೀಕ್ಷೆಯ ಪೇಪರು ತಿದ್ದಿದ ಹಾಗೆ ತಿದ್ದಿದ್ದೀರಿ. ಆದರೂ ನೀವು ಹೇಳಿದ ಮೇಲೆ ಹತ್ತು ದಿನ ನಿಜವಾಗಿ ನೋಡಿದೆ.

ಇಲ್ಲಿ ನಡು ಮಧ್ಯಾಹ್ನದ ಸೂರ್ಯನಿಗೆ ಬಣ್ಣವಿಲ್ಲ. ತಲೆ ಎತ್ತಿದರೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಆಕಾಶ ನೀಲಿಯಲ್ಲ, ಅಕ್ಕಿ ತೊಳೆದ ನೀರಿನ ಬಣ್ಣ. ಅದರಲ್ಲಿ ಸೂರ್ಯ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೆಂದು ಗೊತ್ತಾಗುವುದಿಲ್ಲ. ನೆರಳು ಪಾದದ ಅಡಿಗೆ ಸೇರಿಕೊಳ್ಳುತ್ತದೆ, ಅದಕ್ಕೂ ಹೊರಗೆ ಬರಲು ಮನಸ್ಸಿಲ್ಲದ ಹಾಗೆ.

ಬಿಸಿ ಮೊದಲು ತಾಗುವುದು ಮೂಗಿನ ಒಳಗೆ. ಬಾಗಿಲು ತೆರೆದು ಒಂದು ಉಸಿರು ಎಳೆದರೆ ಸಾಕು, ಒಳಗಿನ ಪಸೆ ಆರಿಹೋಗುತ್ತದೆ. ಆಮೇಲೆ ಕಣ್ಣಿನ ರೆಪ್ಪೆ, ಆಮೇಲೆ ಹಲ್ಲು. ಬಾಯಿ ತೆರೆದು ನಡೆದರೆ ಹಲ್ಲು ಬಿಸಿಯಾಗುತ್ತದೆಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಬೆವರು ಬರುತ್ತದೆ, ಆದರೆ ಕಾಣುವುದಿಲ್ಲ, ಬಂದಲ್ಲೇ ಆರುತ್ತದೆ. ಸಂಜೆ ಕೆನ್ನೆ ಮುಟ್ಟಿದರೆ ಬೆರಳಿಗೆ ಉಪ್ಪಿನ ಹುಡಿ.

ನೀವು ಹೇಳಿದ್ದು ಸರಿ. ಬೆಂಕಿಗೆ ಬದಿ ಇದೆ, ಇದಕ್ಕಿಲ್ಲ. ಇದು ನೆಲದಿಂದಲೂ ಏಳುತ್ತದೆ, ಗೋಡೆಯಿಂದಲೂ ಬರುತ್ತದೆ. ಹಿಂದೆ ಸರಿಯಲು ಜಾಗವೇ ಇಲ್ಲ. ಡ್ರೈವರುಗಳು ಸ್ಟಿಯರಿಂಗಿಗೆ ಹೆಗಲ ಬೈರಾಸು ಸುತ್ತಿ ಹಿಡಿಯುತ್ತಾರೆ. ಒಂದು ತಮಾಷೆ ಕೇಳಿ: ಟೆರೇಸಿನ ಟ್ಯಾಂಕಿನ ನೀರು ಕೈ ಇಡಲಾಗದಷ್ಟು ಕಾಯುವುದರಿಂದ ನಾವು ಗೀಸರಿನ ಸ್ವಿಚ್ಚು ಆರಿಸಿ, ಅದರೊಳಗೆ ನೀರು ತುಂಬಿಸಿ ತಣಿಯಲು ಬಿಡುತ್ತೇವೆ. ನಮಗೆ ತಣ್ಣೀರು ಬರುವುದು ಬಿಸಿನೀರಿನ ನಲ್ಲಿಯಲ್ಲಿ!

ಹೋದ ಶುಕ್ರವಾರ ಊರ ಹೊರಗಿನ ಒಂದು ಡೇರೆಗೆ ಒಬ್ಬ ಅಜ್ಜಿಯ ಕಾಲಿನ ಹುಣ್ಣಿಗೆ ಬ್ಯಾಂಡೇಜು ಕಟ್ಟಲು ಆಪಾ ಮತ್ತು ನಾನು ಹೋಗಿದ್ದೆವು. ಅಲ್ಲಿ ಹನ್ನೊಂದು ಒಂಟೆಗಳು ಮರಳಿನಲ್ಲಿ ಕೂತಿದ್ದವು. ಎಲ್ಲವೂ ಒಂದೇ ಕಡೆಗೆ, ಸೂರ್ಯನಿಗೆ ಮುಖ ಕೊಟ್ಟು. ಬೆನ್ನು ತಿರುಗಿಸುವುದಲ್ಲವೇ ಎಂದು ನಾನು ಕೇಳಿದೆ. ಅಜ್ಜಿ ಹೇಳಿದ್ದನ್ನು ಆಪಾ ತಿಳಿಸಿದರು: ಹಾಗೆ ಎದುರಾಗಿ ಕೂತರೆ ಬಿಸಿಲು ಬೀಳುವುದು ಮುಖ, ಎದೆ ಇಷ್ಟಕ್ಕೇ, ಅಡ್ಡ ಕೂತರೆ ಇಡೀ ಮೈಗೆ. ನಾನು ತುಂಬಾ ಹೊತ್ತು ಅವುಗಳನ್ನೇ ನೋಡಿದೆ.

ಆ ಅಜ್ಜಿ ಬಿಸಿಲನ್ನು ಬೈಯುವುದಿಲ್ಲ. ಮುಂದಿನ ತಿಂಗಳ ಬಿಸಿಲಿಗೆ ಇಲ್ಲಿ ಖರ್ಜೂರದ ಅಡುಗೆಯವನು ಎಂದು ಹೆಸರಂತೆ. ಅವನು ಬಂದು ಬೇಯಿಸದೆ ಹಣ್ಣು ಮೆತ್ತಗಾಗುವುದಿಲ್ಲವಂತೆ. ಕೇಳಿದ ಕೂಡಲೇ ನಿಮ್ಮ ನೆನಪಾಯಿತು.

ಈ ಕಾಗದ ಅಂಚೆಯಲ್ಲಿ ಬರುತ್ತದೆ, ನೀವೂ ಹಾಗೆಯೇ ಕಳಿಸಿ. ಉಪವಾಸ ಮೂರು ಆಯಿತು. ನಿಮ್ಮದು?

ನಸೀಬಾ


ಅಡ್ಯಾರ್
4 ಆಗಸ್ಟ್ 2012

ಮಗಳೇ,

ಈಗ ಕಂಡಿತು. ಅಕ್ಕಿ ತೊಳೆದ ನೀರು, ಹಲ್ಲು ಬಿಸಿಯಾಗುವುದು, ಎಲ್ಲ ಕಂಡಿತು. ಉಮ್ಮನಿಗೆ ಎರಡು ಸಲ ಓದಿ ಹೇಳಿದೆ. ಅಂಗಡಿಯಲ್ಲಿ ಸಿಕ್ಕವರಿಗೂ ಒಂಟೆಯ ವಿಷಯ ಹೇಳಿದೆ. ಆ ಅಜ್ಜಿಗೆ ನನ್ನ ಸಲಾಂ ತಿಳಿಸು. ಬೇಯಿಸುವವನ ಬೆಲೆ ಅವರಿಗೆ ಗೊತ್ತಿದೆ.

ಒಂದು ಮಾತು ನೆನಪಿಟ್ಟುಕೋ. ಬಿಸಿಯಲ್ಲಿ ಬೆವರುವವನ ಬಗ್ಗೆ ಹೆದರಬೇಡ. ಬೆವರು ನಿಂತವನನ್ನು ನೋಡು. ಮಲಗಿದ್ದಾನೆ ಎಂದು ಯಾರು ಹೇಳಿದರೂ ನಂಬಬೇಡ.

ಉಪ್ಪ


ಹಫ್ರ್ ಅಲ್ ಬಾತಿನ್
24 ಆಗಸ್ಟ್ 2012

ಉಪ್ಪಾ,

ನಿಮ್ಮ ಕಾಗದ ಬಂದ ಮರುದಿನ ನಡೆದದ್ದನ್ನು ಬರೆಯುತ್ತೇನೆ. ಉಮ್ಮನಿಗೆ ಫೋನಿನಲ್ಲಿ ಹೇಳಿಲ್ಲ, ಹೆದರುತ್ತಾರೆ.

ರಂಜಾನಿನಲ್ಲಿ ನಮ್ಮ ಕ್ಲಿನಿಕ್ ಮಧ್ಯಾಹ್ನ ಮುಚ್ಚಿ ಸಂಜೆ ತೆರೆಯುತ್ತದೆ. ನಡುವೆ ತುರ್ತಿಗೆಂದು ಇಬ್ಬರು ನರ್ಸುಗಳು ಮಾತ್ರ. ಆ ದಿನ ಆಪಾ ಮತ್ತು ನಾನು. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬಿಸಿಲಿನಲ್ಲಿ ದುಡಿಸಬಾರದೆಂದು ಸರ್ಕಾರದ ನಿಯಮವಿದೆ, ಆದರೆ ಎಲ್ಲರೂ ಪಾಲಿಸುವುದಿಲ್ಲ. ಮೂರೂವರೆಗೆ ಒಂದು ಪಿಕಪ್ ಬಂದು ನಿಂತಿತು. ಹಿಂದೆ ಒಬ್ಬ ಮನುಷ್ಯ, ವಯಸ್ಸು ನಲವತ್ತರ ಮೇಲೆ. ಮೊಹಮ್ಮದ್ ಇಸ್ಮಾಯಿಲ್ ಎಂದು ಹೆಸರು, ಬಾಂಗ್ಲಾದವರು. ರಸ್ತೆಬದಿಗೆ ಕಲ್ಲು ಹಾಸುವ ಕೆಲಸ. ಕರೆತಂದ ಮೇಸ್ತ್ರಿ ಅವಸರದಲ್ಲಿದ್ದ.

"ಉಪವಾಸದ ಸುಸ್ತು, ಅಷ್ಟೇ. ಒಂದು ಗ್ಲೂಕೋಸ್ ಹಾಕಿ. ರೂಮಿಗೆ ಕರ್ಕೊಂಡು ಹೋಗಿ ಮಲಗಿಸ್ತೇನೆ. ಯಲ್ಲಾ, ಬೇಗ ಬೇಗ!"

ನಾನು ಆ ಮನುಷ್ಯನ ಹಣೆ ಮುಟ್ಟಿದೆ. ಉಪ್ಪಾ, ಬಿಸಿಲಿಗೆ ಇಟ್ಟ ಮಡಕೆ ಮುಟ್ಟಿದ ಹಾಗಿತ್ತು. ಕಂಕುಳು ಮುಟ್ಟಿದೆ, ಅಲ್ಲೂ ಒಣಗಿತ್ತು. ಒಂದು ತೊಟ್ಟು ಬೆವರಿಲ್ಲ. ಹೆಸರು ಕೇಳಿದರೆ ಏನೇನೋ ಬಡಬಡಿಸಿದರು, ಆಮೇಲೆ ಅದೂ ನಿಂತಿತು. ಜ್ವರ ನೋಡಿದರೆ ನಲವತ್ತೊಂದು ದಾಟಿತ್ತು, ಊರಿನ ಲೆಕ್ಕದಲ್ಲಿ ನೂರ ಆರು. ನರ್ಸಿಂಗಿನಲ್ಲಿ ಇದನ್ನೆಲ್ಲ ಓದಿ ಪಾಸಾದವಳು ನಾನು. ಆದರೆ ಆ ಗಳಿಗೆಯಲ್ಲಿ ಪುಸ್ತಕ ನೆನಪಾಗಲಿಲ್ಲ. ನಿಮ್ಮ ಅಕ್ಷರ ಕಣ್ಣ ಮುಂದೆ ಬಂತು.

"ಇವರು ಎಲ್ಲಿಗೂ ಹೋಗುವುದಿಲ್ಲ" ಎಂದೆ.

"ನೀನು ಡಾಕ್ಟರಾ?" ಎಂದು ಮೇಸ್ತ್ರಿ ಕೂಗಿದ. "ನಾಳೆ ನಿನ್ನ ಮ್ಯಾನೇಜರಿಗೆ ಹೇಳ್ತೇನೆ ನೋಡು!"

ಆಪಾ ನನ್ನ ಕೈ ಹಿಡಿದರು. "ನಸೀಬಾ, ಡಾಕ್ಟರಿಗೆ ಫೋನ್ ಮಾಡಿದ್ದೇನೆ. ಇಪ್ಪತ್ತು ನಿಮಿಷ ಅಂದರು. ಗಂಡಸು ರೋಗಿ, ಡಾಕ್ಟರ್ ಹೇಳದೆ ಏನಾದರೂ ಮಾಡಿ ಹೆಚ್ಚುಕಮ್ಮಿಯಾದರೆ ನಿನ್ನ ತಲೆಗೆ ಬರುತ್ತೆ."

"ಇಪ್ಪತ್ತು ನಿಮಿಷ ಇವರ ಹತ್ತಿರ ಇಲ್ಲ ಆಪಾ."

ಅವರು ನನ್ನ ಮುಖ ನೋಡಿದರು. ಆಮೇಲೆ ತಾವೇ ಕತ್ತರಿ ತಂದು ಆ ಮನುಷ್ಯನ ಅಂಗಿ ಸೀಳಿದರು. ಬೆಡ್‌ಶೀಟುಗಳನ್ನು ನೆನೆಸಿ ಹೊದೆಸಿದೆವು, ಇದ್ದ ಎರಡು ಫ್ಯಾನುಗಳನ್ನೂ ಹತ್ತಿರ ತಂದಿಟ್ಟೆವು. ನಲ್ಲಿಯ ನೀರು ಬಿಸಿ. ನಾನು ಹೊರಗೆ ಓಡಿ ಸೂಪರ್ ಮಾರ್ಕೆಟಿನ ಬಾಗಿಲಲ್ಲಿ ನಿಂತು, "ಫಾರೂಕ್, ಐಸ್! ಇದ್ದಷ್ಟು ತಾ!" ಎಂದು ಕೂಗಿದೆ. ಅವನು ಎಂತಕ್ಕೆ ಎಂದು ಕೇಳಲಿಲ್ಲ. ಮೀನಿನ ಅಡಿಯ ಐಸನ್ನೇ ಎರಡು ಬಕೆಟ್ ತುಂಬಿ ಹೊತ್ತು ತಂದ. ಕಂಕುಳಿಗೆ, ಕುತ್ತಿಗೆಗೆ, ತೊಡೆಯ ಸಂದಿಗೆ ಐಸ್ ಕಟ್ಟಿದೆವು. ಆಪಾ ಡ್ರಿಪ್ ಹಾಕಿದರು. ಶೀಟು ಆರಿದ ಹಾಗೆ ನಾನು ನೆನೆಸುತ್ತಲೇ ಇದ್ದೆ. ಕೋಣೆಯಿಡೀ ಮೀನಿನ ವಾಸನೆ.

ಡಾಕ್ಟರ್ ಬರುವಾಗ ಮೂವತ್ತೊಂಬತ್ತಕ್ಕೆ ಇಳಿದಿತ್ತು. ಅವರು ನೋಡಿದರು, "ಮುಂದುವರಿಸಿ" ಎಂದರು, ಅಷ್ಟೇ. ಅಂಬುಲೆನ್ಸ್ ಬಂದು ದೊಡ್ಡ ಆಸ್ಪತ್ರೆಗೆ ಒಯ್ಯುವ ಮೊದಲು ಇಸ್ಮಾಯಿಲ್ ಕಣ್ಣು ಬಿಟ್ಟು ನೀರು ಕೇಳಿದರು. ಕೊಟ್ಟೆವು. "ಉಪವಾಸ..." ಎಂದರು. "ಅದು ಆಮೇಲೆ ಹಿಡಿಯಬಹುದು ಭಾಯಿ" ಎಂದು ಆಪಾ ಅತ್ತುಬಿಟ್ಟರು.

ಮರುದಿನ ಮ್ಯಾನೇಜರ್ ನನ್ನಿಂದ ವಿವರಣೆ ಬರೆಸಿಕೊಂಡರು. ಅಪ್ಪಣೆಯಿಲ್ಲದೆ ಯಾಕೆ ಮಾಡಿದೆ ಎಂದು. ಈದ್ ಮುಗಿಯುವವರೆಗೂ ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿರಲಿಲ್ಲ. ನಿನ್ನೆ ಡಾಕ್ಟರೇ ಹೋಗಿ, "ಅವಳು ಕಾದಿದ್ದರೆ ನಾನು ಬರೆಯಬೇಕಾದದ್ದು ಸಾವಿನ ಸರ್ಟಿಫಿಕೇಟು" ಎಂದರಂತೆ. ಕೆಲಸ ಉಳಿಯಿತು. ಇಸ್ಮಾಯಿಲ್ ಇವತ್ತು ಆಸ್ಪತ್ರೆಯಿಂದ ಬಿಡುಗಡೆಯಾಗಿ ತಮ್ಮ ಕಾಲಲ್ಲೇ ನಡೆದು ಬಂದು ಬಾಗಿಲಲ್ಲಿ ನಿಂತಿದ್ದರು. ಎದೆಯ ಮೇಲೆ ಕೈಯಿಟ್ಟು ಹೋದರು.

ನನಗೊಂದು ಪ್ರಶ್ನೆ ಇದೆ. ಮಲಗಿದ್ದಾನೆ ಎಂದು ಯಾರು ಹೇಳಿದರೂ ನಂಬಬೇಡ ಎಂದು ಬರೆದಿರಿ. ಅದು ನಿಮಗೆ ಹೇಗೆ ಗೊತ್ತು?

ನಸೀಬಾ


ಅಡ್ಯಾರ್
28 ಸೆಪ್ಟೆಂಬರ್ 2012

ಮಗಳೇ,

ಉತ್ತರ ತಡವಾಯಿತು. ಮೂರು ಸಲ ಬರೆದು ಹರಿದೆ.

ಭಟ್ಟಿಯಲ್ಲಿ ನನ್ನ ಜೊತೆ ಅಬ್ದುಲ್ ಖಾದಿರ್ ಎಂದು ಒಬ್ಬನಿದ್ದ. ನೀನು ಹುಟ್ಟುವ ಮೊದಲಿನ ಮಾತು. ಅವನು ಸೌದೆ ಹೊತ್ತು ಭಟ್ಟಿಯ ಮೇಲಕ್ಕೆ ತರುತ್ತಿದ್ದ, ನಾನು ತೂತಿಗೆ ಹಾಕುತ್ತಿದ್ದೆ. ಅವನು ಮಾತುಗಾರ, ನನ್ನನ್ನೂ ನಗಿಸುತ್ತಿದ್ದ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಮೇಲೆ ತಗಡಿನ ಮಾಡು, ಕೆಳಗೆ ಭಟ್ಟಿ, ಅವನು ಚಿಮಣಿಯ ಗೋಡೆಗೆ ಒರಗಿ ಕೂತ. ಸ್ವಲ್ಪ ಹೊತ್ತಿನಲ್ಲಿ ಯಾರೋ, "ಖಾದಿರ್‌ಗೆ ಎಂತಾಯ್ತು ನೋಡಿ" ಎಂದರು. ನಾನು ಬೆಂಕಿಯಿಂದ ಕಣ್ಣು ತೆಗೆಯದೆ ಹೇಳಿದೆ, "ನಿದ್ದೆ ಹೋಗಿದ್ದಾನೆ, ಮಲಗಲಿ ಬಿಡಿ."

ಹಂಚು ಬೇಯುವ ಹೊತ್ತಾಗಿತ್ತು. ಹಿತ್ತಾಳೆಯ ಬಣ್ಣ ಬರುತ್ತಿತ್ತು. ಒಂದು ಗಂಟೆ ಬಿಟ್ಟು ಹೋಗಿ ಮುಟ್ಟಿದೆ. ಮೈ ಸುಡುತ್ತಿತ್ತು, ಒಂದು ತೊಟ್ಟು ಬೆವರಿರಲಿಲ್ಲ. ಆಸ್ಪತ್ರೆಯ ದಾರಿಯಲ್ಲೇ ಹೋದ.

ಆ ದಿನ ಭಟ್ಟಿಯಿಂದ ಇಳಿದ ಹಂಚು ಒಂದೂ ಸೊಟ್ಟವಿರಲಿಲ್ಲ. ಎಲ್ಲರೂ ನನ್ನ ಕಣ್ಣನ್ನು ಹೊಗಳಿದರು.

ಇದನ್ನು ಉಮ್ಮನಿಗೂ ಹೇಳಿಲ್ಲ. ನೀನು ಹೋಗುತ್ತೇನೆ ಎಂದಾಗ ಬಂಟ್ವಾಳದವರ ವಿಷಯಕ್ಕೆ ನನಗೆ ಸಿಟ್ಟೆಂದು ನೀನು ತಿಳಿದೆ. ನಾನೂ ಹಾಗೆಯೇ ತೋರಿಸಿಕೊಂಡೆ. ನನಗೆ ಹೆದರಿಕೆಯಾಗಿತ್ತು. ಬಿಸಿ ಎಷ್ಟು ಸದ್ದಿಲ್ಲದೆ ಮನುಷ್ಯನನ್ನು ತೆಗೆದುಕೊಳ್ಳುತ್ತದೆಂದು ನೋಡಿದವನು ಮಗಳನ್ನು ಅಂಥ ಊರಿಗೆ ನಗುತ್ತ ಕಳಿಸುವುದು ಹೇಗೆ? ಜಗಲಿಯಿಂದ ಎದ್ದರೆ ನಿನ್ನ ಕೈ ಹಿಡಿದು ನಿಲ್ಲಿಸಿಬಿಡುತ್ತಿದ್ದೆ. ಅದಕ್ಕೇ ಏಳಲಿಲ್ಲ.

ನೀನು ಆ ಮನುಷ್ಯನ ಕಂಕುಳು ಮುಟ್ಟಿ ನೋಡಿದ್ದನ್ನು ಓದಿ ಕಾಗದ ಮಡಚಿ ನಮಾಜಿಗೆ ಪಳ್ಳಿಗೆ ಹೋದೆ. ಇನ್ನೇನು ಬರೆಯಲಿ?

ಉಪ್ಪ


ಹಫ್ರ್ ಅಲ್ ಬಾತಿನ್
19 ಅಕ್ಟೋಬರ್ 2012

ಉಪ್ಪಾ,

ಓದಿದೆ. ಅಬ್ದುಲ್ ಖಾದಿರ್ ಅವರ ಹೆಸರು ಹೇಳಿ ದುವಾ ಮಾಡಿದೆ. ನಿಮ್ಮ ಹೆಸರನ್ನೂ ಹೇಳಿದೆ.

ಬಿಸಿಲು ಮೆತ್ತಗಾಗಿದೆ. ಬೆಳಿಗ್ಗೆ ಆರಕ್ಕೆ ಮರಳಿನಂಚಿನಲ್ಲಿ ಸೂರ್ಯ ಏಳುವಾಗ ಬರಿಗಣ್ಣಿನಿಂದ ನೋಡಬಹುದು. ತುಂಬಾ ದೊಡ್ಡದಾಗಿ ಕಾಣುತ್ತದೆ, ಅಂಚು ನಡುಗುತ್ತಿರುತ್ತದೆ. ನಾನು ಕೆಲಸಕ್ಕೆ ಹೋಗುವ ಮೊದಲು ಎರಡು ನಿಮಿಷ ನಿಂತು ನೋಡುತ್ತೇನೆ. ಬೇಸಿಗೆಯಲ್ಲಿ ಅಷ್ಟು ಮಾಡಿದ್ದು ಇದೇ ಸೂರ್ಯನೇ ಎಂದರೆ ನಂಬಲಾಗುವುದಿಲ್ಲ. ಆದರೂ ಅದರ ಮೇಲೆ ಸಿಟ್ಟು ಬರುವುದಿಲ್ಲ.

ನಸೀಬಾ


ಹಫ್ರ್ ಅಲ್ ಬಾತಿನ್
20 ಫೆಬ್ರವರಿ 2014

ಉಪ್ಪಾ,

ಉಮ್ರಾ ಯಾತ್ರೆಗೆ ನೀವಿಬ್ಬರೂ ಏಪ್ರಿಲಿನಲ್ಲಿ ಬರುವುದು ನಿಶ್ಚಯವಾಯಿತೆಂದು ಉಮ್ಮ ಹೇಳಿದರು. ಆ ವೀಸಾದಲ್ಲಿ ನಾನಿರುವ ಊರಿಗೆ ಬರಲಾಗುವುದಿಲ್ಲ. ನಾನೇ ನಾಲ್ಕು ದಿನ ರಜೆ ಹಾಕಿ ಆಪಾ ಮತ್ತು ಇತರ ಹೆಂಗಸರ ಜೊತೆ ಬಸ್ಸಿನಲ್ಲಿ ಮದೀನಕ್ಕೆ ಬರುತ್ತೇನೆ. ಉಮ್ಮನಿಗೆ ದಪ್ಪ ಅಡಿಯ ಚಪ್ಪಲಿ ತೆಗೆದುಕೊಳ್ಳಿ.

ಇನ್ನೊಂದು ವಿಷಯ. ನನ್ನ ಎರಡು ವರ್ಷದ ಒಪ್ಪಂದ ಮೇ ತಿಂಗಳಲ್ಲಿ ಮುಗಿಯುತ್ತದೆ. ಕ್ಲಿನಿಕ್ಕಿನವರು ಇನ್ನೆರಡು ವರ್ಷ ಇರಬೇಕೆಂದು ಕೇಳುತ್ತಿದ್ದಾರೆ. ಈಗ ಬೇಸಿಗೆಗೆ ಮೊದಲು ಕೆಲಸಗಾರರ ಕ್ಯಾಂಪುಗಳಿಗೆ ಹೋಗಿ ಬಿಸಿಲಿನ ಬಗ್ಗೆ ಹೇಳುವ ಕೆಲಸವನ್ನೂ ನನಗೆ ಕೊಟ್ಟಿದ್ದಾರೆ. ಮುರುಕು ಹಿಂದಿಯಲ್ಲಿ ಹೇಳುತ್ತೇನೆ, ಆದರೂ ಕೇಳುತ್ತಾರೆ. ನನಗೆ ಇರುವ ಮನಸ್ಸಿದೆ. ನಿಮ್ಮನ್ನು ಕೇಳದೆ ಸಹಿ ಹಾಕುವ ಮನಸ್ಸಿಲ್ಲ. ಹೋದ ಸಲ ಹಾಗೆ ಮಾಡಿದ್ದೆ.

ನಿಮ್ಮ
ನಸೀಬಾ


ಅಡ್ಯಾರ್
6 ಮೇ 2014

ನನ್ನ ನಸೀಬಾಳಿಗೆ,

ನಾವು ಸೌಖ್ಯವಾಗಿ ತಲುಪಿದೆವು. ಮದೀನದಲ್ಲೇ ನಿನಗೆ ಉತ್ತರ ಹೇಳಬೇಕೆಂದಿದ್ದೆ. ಮೂರು ದಿನ ನೀನು ನನ್ನ ಕಿವಿಯ ಹತ್ತಿರ ಬಾಯಿಟ್ಟು ಕೂಗಿದೆ, ನೋಟುಬುಕ್ಕಿನಲ್ಲಿ ಬರೆದು ತೋರಿಸಿದೆ. ನನಗೆ ಮಾತ್ರ ಹೇಳಲಿಕ್ಕೆ ಬಾಯಿ ಬರಲಿಲ್ಲ. ನಿನ್ನ ಬಸ್ಸು ಹೊರಟೇ ಹೋಯಿತು. ಬರೆಯುವುದೇ ನನಗೆ ಸುಲಭ. ಫಾರೂಕ್ ರಜೆ ಮುಗಿಸಿ ನಾಡಿದ್ದು ಹೊರಡುತ್ತಾನೆ, ಅವನ ಕೈಯಲ್ಲಿ ಕೊಡುತ್ತೇನೆ.

ಎರಡನೆಯ ದಿನ ಮಧ್ಯಾಹ್ನದ ಲುಹರ್ ನಮಾಜಿನ ನಂತರ ನಾವು ಪಳ್ಳಿಯ ಅಂಗಳದ ದೊಡ್ಡ ಕೊಡೆಗಳ ನೆರಳು ದಾಟಿ ಹೊರಗೆ ಬಂದೆವು. ಉಮ್ಮ ರೂಮಿನಲ್ಲಿದ್ದಳು. ನಾನು ನಿಂತುಬಿಟ್ಟೆ, ನೀನು ಕೈ ಎಳೆದೆ. ಕಾಲು ನೋಯುತ್ತದೆಂದು ನೀನು ತಿಳಿದಿರಬೇಕು. ನಾನು ನಿನ್ನ ಸೂರ್ಯನನ್ನು ನೋಡಲು ನಿಂತದ್ದು. ಜೀವಮಾನವಿಡೀ ಬೆಂಕಿಯನ್ನು ಸಾಕಿದವನು ನಾನು. ಅದಕ್ಕೆ ಉಣ್ಣಿಸಬೇಕು, ಉಸಿರು ಕೊಡಬೇಕು, ಮಳೆಗಾಲದಲ್ಲಿ ಹೆದರಿ ಕಾಯಬೇಕು. ಯಾರೂ ಸಾಕದೆ, ಯಾರ ಹಂಗಿಲ್ಲದೆ, ಇಷ್ಟು ಜನರ ತಲೆಯ ಮೇಲೆ ಬಿಸಿಲು ಒಂದೇ ಅಳತೆಯಲ್ಲಿ ಸುರಿಯುವುದನ್ನು ಆ ದಿನ ನೋಡಿದೆ. ಸುಬ್‌ಹಾನಲ್ಲಾಹ್ ಎಂದೆ. ನನಗೆ ಕೇಳಲಿಲ್ಲ, ಆದರೆ ಪಕ್ಕದವರು ತಿರುಗಿ ನೋಡಿದರು. ಜೋರಾಗಿಯೇ ಹೇಳಿರಬೇಕು.

ಅದೇ ಹೊತ್ತಿಗೆ ನೀನು ನನ್ನ ಕೈ ಬಿಟ್ಟು ಓಡಿದೆ. ಯಾವುದೋ ದೇಶದ ಒಬ್ಬ ಅಜ್ಜಿ ಬಿದ್ದಿದ್ದರು. ಜನ ಸುತ್ತ ನಿಂತಿದ್ದರು. ನಿನ್ನ ಬಾಯಿ ಎರಡೇ ಸಲ ಆಡಿದ್ದನ್ನು ನೋಡಿದೆ. ನಾಲ್ಕು ಮಂದಿ ಗಂಡಸರು ತಮ್ಮ ಶಾಲು ಬಿಚ್ಚಿ ಮೇಲೆ ನೆರಳು ಹಿಡಿದರು. ಒಬ್ಬ ನೀರಿಗೆ ಓಡಿದ. ನೀನು ನೆಲದ ಮೇಲೆ ಮಂಡಿಯೂರಿ ಅವರ ಕುತ್ತಿಗೆ, ಕೈ, ಕಾಲು ಒದ್ದೆ ಮಾಡುತ್ತಿದ್ದೆ, ಯಾರಾದರೂ ಗಾಳಿ ಹಾಕುತ್ತಿದ್ದಾರಾ ಎಂದು ಮಧ್ಯೆ ಮಧ್ಯೆ ತಲೆ ಎತ್ತಿ ನೋಡುತ್ತಿದ್ದೆ. ಆ ನೆಲದ ಮೇಲೆ ನಿನ್ನ ಮಂಡಿ ಎಷ್ಟು ಸುಟ್ಟಿರಬೇಕು! ಸ್ವಲ್ಪ ಹೊತ್ತಿನಲ್ಲಿ ಆ ಅಜ್ಜಿ ಎದ್ದು ಕೂತು ನಿನ್ನ ಗಲ್ಲ ಹಿಡಿದು ಏನೋ ಹೇಳಿದರು. ನೀನು ನಕ್ಕೆ. ನಾನು ದೂರ ನಿಂತಿದ್ದೆ. ಗಾಳಿ ಹಾಕಲು ನನ್ನ ಟೊಪ್ಪಿಯನ್ನಾದರೂ ಕೊಡಬಹುದಿತ್ತು. ನಿನ್ನಿಂದ ಕಣ್ಣು ತೆಗೆಯಲು ಆಗಲಿಲ್ಲ.

ಮೊನ್ನೆ ಬಂಟ್ವಾಳದವರು ಪುನಃ ಬಂದಿದ್ದರು. ಹುಡುಗಿ ಈ ತಿಂಗಳು ಬಂದುಬಿಡುತ್ತಾಳಲ್ಲ, ಮಾತು ಮುಂದುವರಿಸೋಣವೇ ಎಂದು ಕೇಳಿದರಂತೆ. ಉಮ್ಮ ನನ್ನ ಕಿವಿಗೆ ಕೂಗಿ ತಿಳಿಸಿದಳು. ನಾನು ಹೇಳಿದೆ, "ಅವಳಿಗೆ ಅಲ್ಲಿ ದೊಡ್ಡ ಕೆಲಸ ಉಂಟು. ಮದುವೆಯ ವಿಷಯ ಅವಳು ಹೇಳಿದಾಗ ನೋಡುವ. ನೀವು ಚಾ ಕುಡಿಯಿರಿ." ಉಮ್ಮ ಒಳಗೆ ಹೋದಳು. ಸಿಟ್ಟಾದಳೆಂದು ತಿಳಿದೆ. ಹೋಗಿ ನೋಡಿದರೆ ಒಲೆಯ ಎದುರು ನಗುತ್ತಿದ್ದಳು.

ಸಹಿ ಹಾಕು ಮಗಳೇ. ಎರಡಲ್ಲ, ನಿನಗೆ ಬೇಕೆನಿಸಿದಷ್ಟು ವರ್ಷ ಇರು. ಬಿಸಿಲಿಗೆ ಬಿದ್ದವರು ಎದ್ದು ತಮ್ಮ ಮನೆಗೆ ಹೋಗಬೇಕು. ಅಲ್ಲಿ ನೀನು ಇದ್ದೀ ಎಂದು ಗೊತ್ತಿದ್ದರೆ ನನಗೆ ನಿದ್ದೆ ಬರುತ್ತದೆ.

ನಿನ್ನ ಉಪ್ಪ
ಮೊಯಿದಿನಬ್ಬ